ಕವಚವಾಹನದ ಅಳತೆ ಮಾದರಿ

ಕವಚವಾಹನದ ಅಳತೆ ಮಾದರಿ: ಟ್ಯಾಂಕು, ಕವಚದ ಕಾರು, ಸೈನಿಕರನ್ನು ಸಾಗಿಸುವ ಉಕ್ಕಿನ ಗಾಡಿ ಮೊದಲಾದ ಸೇನಾವಾಹನಗಳನ್ನು ನಿಗದಿತ ಪ್ರಮಾಣಕ್ಕೆ ಇಳಿಸಿ, ಬೋಲ್ಟಿನ ತಲೆ, ಬೆಸುಗೆಯ ಗೆರೆ, ಚಕ್ರಕ್ಕೆ ಮೆತ್ತಿದ ಕೆಸರಿನವರೆಗೂ ನಿಜವಾಹನವನ್ನು ಅನುಸರಿಸಿ ಕಟ್ಟುವ ಕರಕುಶಲ. ಆಟಿಕೆ ನೋಡುವವರಿಗೆ ಟ್ಯಾಂಕು ಅನ್ನಿಸಿದರೆ ಸಾಕು. ಅಳತೆ ಮಾದರಿ ಇನ್ನೂ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಬೇಕು: ಇದು ಯಾವ ಟ್ಯಾಂಕು, ಯಾರು ಓಡಿಸಿದ್ದು, ಯಾವ ದಿನ ಎಲ್ಲಿ ನಿಂತಿದ್ದು? ಹಾಗಾಗಿ ಈ ಕೆಲಸದಲ್ಲಿ ಅಂಟು ಬಣ್ಣಗಳಿಗಿಂತ ಹೆಚ್ಚು ಹೊತ್ತು ಹಿಡಿಯುವುದು ಹುಡುಕಾಟ. ಹಳೆಯ ಫೋಟೊ, ರೆಜಿಮೆಂಟಿನ ಇತಿಹಾಸ, ವಸ್ತುಸಂಗ್ರಹಾಲಯದ ಅಂಗಳದಲ್ಲಿ ನಿಲ್ಲಿಸಿಟ್ಟ ನಿಜವಾದ ಯಂತ್ರ, ಇವೆಲ್ಲವನ್ನೂ ಓದಿದ ಮೇಲಷ್ಟೇ ಚಾಕು ಕೈಗೆ ಬರಬೇಕು.

ಪ್ರಮಾಣ

ಅತಿ ಹೆಚ್ಚು ಬಳಕೆಯಲ್ಲಿರುವ ಪ್ರಮಾಣ 1:35. ಇದನ್ನು ತಿಳಿಯಲು ದಕ್ಷಿಣ ಕನ್ನಡದವರಿಗೆ ಹತ್ತಿರದಲ್ಲೇ ಒಂದು ಉದಾಹರಣೆ ಇದೆ. ಬೆಳ್ತಂಗಡಿ ತಾಲ್ಲೂಕಿನ ವೇಣೂರಿನಲ್ಲಿ 1604ರಲ್ಲಿ ನಿಲ್ಲಿಸಿದ ಬಾಹುಬಲಿಯ ಎತ್ತರ 35 ಅಡಿ. ಅದನ್ನು 1:35ಕ್ಕೆ ಇಳಿಸಿದರೆ ಸರಿಯಾಗಿ ಒಂದು ಅಡಿ. ಪಕ್ಕದಲ್ಲಿ ಕೈಮುಗಿದು ನಿಂತ ಯಾತ್ರಿಕ ಐದು ಸೆಂಟಿಮೀಟರಿಗೂ ಸ್ವಲ್ಪ ಕಡಿಮೆ. ಆ ಒಂದಡಿಯ ಮೂರ್ತಿಯಲ್ಲಿ ಮೈಗೆ ಹಬ್ಬಿದ ಬಳ್ಳಿಯ ಎಲೆ ಎಷ್ಟು ತೆಳುವಾಗಬೇಕು ಎಂದು ಯೋಚಿಸಿದರೆ ಮಾದರಿಕಾರನ ಕಷ್ಟ ಅರ್ಥವಾಗುತ್ತದೆ. ಮಾದರಿಯ ಒಂದು ಮಿಲಿಮೀಟರ್ ನಿಜದಲ್ಲಿ ಮೂರೂವರೆ ಸೆಂಟಿಮೀಟರ್. ಎರಡು ತುಂಡುಗಳು ಸೇರುವಲ್ಲಿ ಅರ್ಧ ಮಿಲಿಮೀಟರ್ ಸಂದು ಉಳಿದರೆ, ನಿಜವಾದ ಟ್ಯಾಂಕಿನಲ್ಲಿ ಹೆಬ್ಬೆರಳು ತೂರುವಷ್ಟು ಸೀಳು ಬಿಟ್ಟಂತೆ.

ಉದ್ದ ಮೂವತ್ತೈದರಲ್ಲಿ ಒಂದು ಪಾಲಾದಾಗ ತೂಕ ಅದೇ ಲೆಕ್ಕದಲ್ಲಿ ಇಳಿಯುವುದಿಲ್ಲ. ಮೂವತ್ತೈದನ್ನು ಮೂರು ಸಲ ಗುಣಿಸಿದರೆ 42,875, ತೂಕ ಅಷ್ಟರಲ್ಲಿ ಒಂದು ಪಾಲಾಗುತ್ತದೆ. ಸುಮಾರು 36 ಟನ್ ತೂಗುವ ಟಿ-55 ಟ್ಯಾಂಕನ್ನು ಅದೇ ಉಕ್ಕಿನಿಂದ 1:35ರಲ್ಲಿ ಮಾಡಿದರೂ ತೂಗುವುದು 840 ಗ್ರಾಮ್ ಮಾತ್ರ. ಪ್ಲಾಸ್ಟಿಕ್ಕಿನಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ನೋಡುವವರ ಕಣ್ಣಿಗೆ ಮಾತ್ರ 36 ಟನ್ ಕಾಣಬೇಕು. ಅದನ್ನು ಕಾಣಿಸುವುದು ಟ್ರ್ಯಾಕಿನ ಜೋಲು, ನೆಲದೊಳಗೆ ಇಳಿದ ಚಕ್ರ, ಒತ್ತಿಹೋದ ಮಣ್ಣು.

1:35 ಅಲ್ಲದೆ 1:72, 1:76, 1:48 ಮತ್ತು 1:16 ಪ್ರಮಾಣಗಳೂ ಇವೆ. ಜಾಗ ಕಡಿಮೆ ಇರುವ ಮನೆಗಳಿಗೆ 1:72 ಅನುಕೂಲ. ಟಿ-55 ಆಗ ಅಂಗೈಯಲ್ಲಿ ಕೂರುತ್ತದೆ. 1:35 ಎಂಬ ವಿಚಿತ್ರ ಸಂಖ್ಯೆ ಹುಟ್ಟಿದ್ದು ಜಪಾನಿನ ಶಿಜುವೊಕಾ ಊರಿನ ಟಾಮಿಯಾ ಕಂಪನಿಯಲ್ಲಿ. ಮರದ ವ್ಯಾಪಾರದಿಂದ ಮರದ ಮಾದರಿಗೆ, ಅಲ್ಲಿಂದ ಪ್ಲಾಸ್ಟಿಕ್ಕಿಗೆ ಬಂದ ಆ ಕಂಪನಿ 1960ರ ದಶಕದ ಆರಂಭದಲ್ಲಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಕಿಟ್ ತಂದಿತು. ಅದು ಮೋಟಾರಿನಿಂದ ಓಡುವ ಮಾದರಿ. ಮೋಟಾರು, ಗೇರು, ಬ್ಯಾಟರಿ ಒಳಗೆ ಹಿಡಿಯುವಷ್ಟು ದೊಡ್ಡದಾಗಿ ಒಡಲನ್ನು ಮಾಡಿದರು. ಆಮೇಲೆ ಅಳೆದು ನೋಡಿದಾಗ ಅದು 1:35ರ ಆಸುಪಾಸಿನಲ್ಲಿತ್ತು. ಕಿಟ್ ಚೆನ್ನಾಗಿ ಮಾರಿತು, ಮುಂದಿನವು ಅದೇ ಅಳತೆಯಲ್ಲಿ ಬಂದವು, ಬೇರೆ ದೇಶಗಳ ಕಂಪನಿಗಳೂ ಅದನ್ನೇ ಹಿಡಿದವು. ಮೋಟಾರು ಬಿಟ್ಟುಹೋದರೂ ಅಳತೆ ಉಳಿಯಿತು. ಇದಕ್ಕೂ ಹಿಂದೆ, ಎರಡನೆಯ ಮಹಾಯುದ್ಧದಲ್ಲಿ, ಶತ್ರುವಿನ ವಾಹನವನ್ನು ದೂರದಿಂದಲೇ ಗುರುತಿಸಲು ಸೈನಿಕರಿಗೆ ಕಲಿಸುವುದಕ್ಕಾಗಿ ಸಣ್ಣ ಮಾದರಿಗಳನ್ನು ಮಾಡಿ ಹಂಚುತ್ತಿದ್ದರು. ಈ ಹವ್ಯಾಸದ ಒಂದು ಬೇರು ಅಲ್ಲಿದೆ.

ಒಂದು ಟ್ಯಾಂಕು, ಒಂದು ದಿನ

ಜಗತ್ತಿನ ಮಾದರಿಕಾರರು ಹೆಚ್ಚಾಗಿ ಜರ್ಮನಿಯ ಟೈಗರ್, ಪ್ಯಾಂಥರ್‌ಗಳನ್ನೂ ಅಮೆರಿಕದ ಶರ್ಮನ್‌ಗಳನ್ನೂ ಕಟ್ಟುತ್ತಾರೆ. ಕಿಟ್ಟುಗಳೂ ಅವುಗಳದ್ದೇ ಹೆಚ್ಚು ಸಿಗುತ್ತವೆ. ಕನ್ನಡನಾಡಿನ ಮಾದರಿಕಾರನಿಗೆ ಅದಕ್ಕಿಂತ ಒಳ್ಳೆಯ ವಿಷಯವೊಂದು ಇದೆ ಎಂಬುದು ಈ ಲೇಖಕನ ದೃಢ ಅಭಿಪ್ರಾಯ: 1948ರ ನವೆಂಬರ್ 1ರಂದು ಜೋಜಿಲಾ ಕಣಿವೆದಾರಿಯನ್ನು ಏರಿದ ಸ್ಟುವರ್ಟ್ ಲಘು ಟ್ಯಾಂಕು.

ಕಾಶ್ಮೀರಕ್ಕಾಗಿ ಪಾಕಿಸ್ತಾನದೊಂದಿಗೆ ನಡೆದ ಯುದ್ಧದಲ್ಲಿ ಲೇಹಕ್ಕೆ ಹೋಗುವ ದಾರಿ ಆಗ ಮುಚ್ಚಿತ್ತು. ಸುಮಾರು ಮೂರೂವರೆ ಸಾವಿರ ಮೀಟರ್ ಎತ್ತರದ ಜೋಜಿಲಾವನ್ನು ಎದುರಾಳಿಗಳು ಹಿಡಿದು ಕೂತಿದ್ದರು. ಕಾಲಾಳುಗಳ ದಾಳಿ ಫಲ ಕೊಡಲಿಲ್ಲ. ಕಾಶ್ಮೀರದ ಡಿವಿಷನ್ನಿನ ಮುಖ್ಯಸ್ಥರಾಗಿದ್ದ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ, 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದವರು, ಅಲ್ಲಿಗೆ ಟ್ಯಾಂಕು ಏರಿಸಲು ನಿರ್ಧರಿಸಿದರು. ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ ‘ಸ್ಪ್ಯಾರೊ’ ನಾಯಕತ್ವದ 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್‌ಗಳ ಟರೆಟ್ (ತೋಪು ಹೊತ್ತ ಮೇಲಿನ ಗೋಪುರ) ಬಿಚ್ಚಿ, ಒಡಲಿಗೆ ಟಾರ್ಪಾಲು ಹೊದಿಸಿ, ಗುಟ್ಟಾಗಿ ಜಮ್ಮುವಿನ ಕಡೆಯಿಂದ ಶ್ರೀನಗರ ದಾಟಿಸಿದರು. ಬಾಲ್ಟಾಲ್‌ನಿಂದ ಮೇಲಕ್ಕೆ ಇದ್ದ ಕಿರುದಾರಿಯನ್ನು ಟ್ಯಾಂಕು ಹತ್ತುವಷ್ಟು ಅಗಲ ಮಾಡಿದ್ದು ಸೇನೆಯ ಎಂಜಿನಿಯರುಗಳಾದ ಮದ್ರಾಸ್ ಸ್ಯಾಪರ್ಸ್. ಅವರ ಕೇಂದ್ರ ಇರುವುದು ಬೆಂಗಳೂರಿನ ಹಲಸೂರು ಕೆರೆಯ ಹತ್ತಿರ. ಹಿಮ ಬಿದ್ದು ದಾಳಿಯ ದಿನ ಮುಂದೆ ಹೋಯಿತು. ಕೊನೆಗೆ ನವೆಂಬರ್ 1ರಂದು ಟ್ಯಾಂಕುಗಳು ಕಣಿವೆಯನ್ನು ಹೊಕ್ಕವು. ಅಷ್ಟು ಎತ್ತರದಲ್ಲಿ ಟ್ಯಾಂಕು ಬರಬಹುದೆಂದು ಎದುರಿನವರು ಎಣಿಸಿಯೇ ಇರಲಿಲ್ಲ. ತಿಮ್ಮಯ್ಯನವರು ಸ್ವತಃ ಮುಂಚೂಣಿಯ ಟ್ಯಾಂಕಿನಲ್ಲಿದ್ದರು. ಅದೇ ತಿಂಗಳಲ್ಲಿ ದ್ರಾಸ್, ಕಾರ್ಗಿಲ್‌ಗಳು ಕೈಗೆ ಬಂದು ಲೇಹದ ದಾರಿ ತೆರೆಯಿತು.

ಮಾದರಿಕಾರನಿಗೆ ಈ ಕಥೆಯ ಒಂದೊಂದು ವಿವರವೂ ಕೆಲಸಕ್ಕೆ ಬರುತ್ತದೆ. ಮೊದಲ ಪ್ರಶ್ನೆ, ಯಾವ ಸ್ಟುವರ್ಟ್? ಎಂ3 ಮಾದರಿಯಲ್ಲಿ ವಿಮಾನಕ್ಕೆಂದು ಮಾಡಿದ ಬಗೆಯ, ವೃತ್ತಾಕಾರದಲ್ಲಿ ಸಿಲಿಂಡರುಗಳನ್ನು ಜೋಡಿಸಿದ ಎಂಜಿನ್ ಇತ್ತು. ಎಂ5ರಲ್ಲಿ ಕ್ಯಾಡಿಲಾಕ್ ಕಾರಿನ ಎರಡು ಎಂಜಿನ್‌ಗಳನ್ನು ಜೋಡಿಸಿದರು, ಅದಕ್ಕಾಗಿ ಹಿಂಬದಿಯ ಮೇಲ್ಹಲಗೆಯನ್ನು ಎತ್ತರಿಸಿದರು. ಫೋಟೊದಲ್ಲಿ ಹಿಂಭಾಗ ಕಂಡರೆ ಉತ್ತರ ಸಿಕ್ಕಂತೆ. ಟಾಮಿಯಾ 1970ರ ದಶಕದಲ್ಲೇ ಎಂ3 ಕಿಟ್ ತಂದಿತ್ತು, 2018ರಲ್ಲಿ ಹೊಸ ಅಚ್ಚಿನಲ್ಲಿ ಮತ್ತೆ ತಂದಿತು. ಎಂ5ಎ1ಅನ್ನು ಎಎಫ್‌ವಿ ಕ್ಲಬ್ ಮಾಡಿದೆ. 1:35ರಲ್ಲಿ ಸ್ಟುವರ್ಟಿನ ಉದ್ದ ಒಂದು ಗೇಣಿಗಿಂತ ಕಡಿಮೆ, ಹದಿಮೂರು ಸೆಂಟಿಮೀಟರಿನಷ್ಟು.

ಎರಡನೆಯ ಪ್ರಶ್ನೆ, ಯಾವ ಗಳಿಗೆ? ಹಿಮದಲ್ಲಿ ಗುಂಡು ಹಾರಿಸುತ್ತಿರುವ ಟ್ಯಾಂಕನ್ನು ಎಲ್ಲರೂ ಕಟ್ಟುತ್ತಾರೆ. ಅದಕ್ಕಿಂತ ಅಪರೂಪದ ದೃಶ್ಯ ಅದರ ಹಿಂದಿನ ದಿನಗಳದ್ದು: ಟರೆಟ್ ಇಲ್ಲದ, ಟಾರ್ಪಾಲು ಹೊದ್ದ, ನೋಡಿದರೆ ಟ್ಯಾಂಕೆಂದು ಹೇಳಲಾಗದ ಒಂದು ಗಾಡಿ. ಟಾರ್ಪಾಲಿಗೆ ತೆಳುವಾದ ಟಿಶ್ಯೂ ಕಾಗದ ಸಾಕು. ನೀರು ಬೆರೆಸಿದ ಫೆವಿಕಾಲಿನಲ್ಲಿ ಅದ್ದಿ, ಒಡಲಿನ ಮೇಲೆ ಹರಡಿ, ಕುಂಚದ ಹಿಂಬದಿಯಿಂದ ಮಡಿಕೆಗಳನ್ನು ಒತ್ತಬೇಕು. ಒಣಗಿದಾಗ ಅದು ಗಟ್ಟಿಯಾಗಿ ನಿಲ್ಲುತ್ತದೆ, ಕೆಳಗಿನ ಮೂಲೆಗಳು ಮಾತ್ರ ಉಬ್ಬಿ ಕಾಣುತ್ತವೆ. ಬಟ್ಟೆಯನ್ನೇ ಬಳಸುವವರಿದ್ದಾರೆ, ಆದರೆ ಮಲ್ ಬಟ್ಟೆಯ ನೂಲು ಸಹ ಈ ಅಳತೆಯಲ್ಲಿ ಹಗ್ಗದಷ್ಟು ದಪ್ಪ ಕಾಣುತ್ತದೆ. ಟರೆಟ್ ಮತ್ತೆ ಕೂರಿಸಿದ ಮೇಲಿನ ದೃಶ್ಯವಾದರೆ, ಎತ್ತಲು ಸರಪಳಿ ಹಾಕಿದ ಕೊಕ್ಕೆಗಳ ಸುತ್ತ ಬಣ್ಣ ಕೆರೆದುಹೋಗಿರುವುದನ್ನು ತೋರಿಸಬಹುದು. ಅಷ್ಟು ಸಣ್ಣ ಗೀರು ಸಹ ಒಂದು ಘಟನೆಯಿಂದ ಬರಬೇಕು.

ಕಟ್ಟುವ ಬಗೆ

ಕಿಟ್ ಪೆಟ್ಟಿಗೆಯೊಳಗೆ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನ ಚೌಕಟ್ಟುಗಳಿರುತ್ತವೆ. ತುಂಡುಗಳು ಅವುಗಳಿಗೆ ಸಣ್ಣ ತೊಟ್ಟಿನಿಂದ ಅಂಟಿಕೊಂಡಿರುತ್ತವೆ. ನಿಪ್ಪರಿನಿಂದ ತೊಟ್ಟನ್ನು ಸ್ವಲ್ಪ ಬಿಟ್ಟು ಕತ್ತರಿಸಿ, ಉಳಿದದ್ದನ್ನು ಚಾಕುವಿನಿಂದ ಸವರಿ, ಉಪ್ಪುಕಾಗದದಿಂದ ಉಜ್ಜಬೇಕು. ಅಂಟು ಎಂದು ಕರೆದರೂ ಪ್ಲಾಸ್ಟಿಕ್ ಸಿಮೆಂಟು ಅಂಟಿಸುವುದಿಲ್ಲ. ಎರಡೂ ಮುಖಗಳನ್ನು ಕರಗಿಸಿ ಒಂದು ಮಾಡುತ್ತದೆ. ಹಾಗಾಗಿ ಅದು ಹಿತ್ತಾಳೆಯ ತೆಳು ತಗಡಿನ ತುಂಡುಗಳಿಗೆ ಹತ್ತುವುದಿಲ್ಲ, ಅವಕ್ಕೆ ಸೂಪರ್ ಗ್ಲೂ ಬೇಕು. ಕರಗಿಸುವ ಈ ಗುಣವನ್ನೇ ಬಳಸಿ ಬೆಸುಗೆಯ ಗೆರೆಯನ್ನೂ ಮಾಡುತ್ತಾರೆ. ಚೌಕಟ್ಟಿನ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಯ ಶಾಖಕ್ಕೆ ಹಿಡಿದು ಎಳೆದರೆ ಕೂದಲಿನಷ್ಟು ಸಪೂರ ಎಳೆ ಬರುತ್ತದೆ. ಅದನ್ನು ಸಂದಿನಲ್ಲಿ ಇಟ್ಟು, ಸಿಮೆಂಟು ಸವರಿ ಮೆತ್ತಗಾದ ಮೇಲೆ ಚಾಕುವಿನ ಬಾಯಿಂದ ಒತ್ತೊತ್ತಾಗಿ ಗುರುತು ಹಾಕುತ್ತ ಹೋದರೆ ವೆಲ್ಡಿಂಗಿನ ಏರಿಳಿತ ಹಾಗೆಯೇ ಮೂಡುತ್ತದೆ. ಟಿ-55ರಂಥ ಟ್ಯಾಂಕುಗಳ ಟರೆಟ್ ಎರಕದ್ದು, ಮೈ ತರಿತರಿ. ಅಲ್ಲಿಗೆ ಪುಟ್ಟಿಯನ್ನು ತೆಳು ಮಾಡಿ ಹಳೆಯ ಗಡುಸು ಕುಂಚದಿಂದ ಚುಚ್ಚಿ ಚುಚ್ಚಿ ಹಚ್ಚಬೇಕು.

ಮಾದರಿಯ ಜೀವ ಇರುವುದು ಟ್ರ್ಯಾಕಿನಲ್ಲಿ. ಟಿ-55ಕ್ಕೆ ಒಂದೊಂದು ಬದಿಗೆ ಐದು ದೊಡ್ಡ ಚಕ್ರ, ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಎದ್ದು ಕಾಣುವ ಅಂತರ. ಅದೇ ಮನೆತನದ ಟಿ-62ರಲ್ಲಿ ಆ ಅಂತರ ಹಿಂದಿನ ಚಕ್ರಗಳ ನಡುವೆ ಬರುತ್ತದೆ. ಟಿ-55ರಲ್ಲಿ ಮೇಲಿನ ಟ್ರ್ಯಾಕನ್ನು ಹೊರುವ ಸಣ್ಣ ಉರುಳೆಗಳಿಲ್ಲ. ಹಾಗಾಗಿ ಟ್ರ್ಯಾಕು ಹಲ್ಲುಚಕ್ರದಿಂದ ಇಳಿದು, ದೊಡ್ಡ ಚಕ್ರಗಳ ತಲೆಯ ಮೇಲೆ ಕೂತು, ನಡುನಡುವೆ ಜೋತುಬೀಳುತ್ತದೆ. ಮೆತ್ತನೆಯ ಪಟ್ಟಿಯಂಥ ಟ್ರ್ಯಾಕನ್ನು ಹಾಗೇ ಸುತ್ತಿದರೆ ಅದು ಬಿಗಿದ ರಬ್ಬರ್ ಬ್ಯಾಂಡಿನಂತೆ ನೆಟ್ಟಗೆ ನಿಲ್ಲುತ್ತದೆ. ಆ ಒಂದೇ ಗೆರೆಯಿಂದ 36 ಟನ್ನಿನ ಭ್ರಮೆ ಹೋಗುತ್ತದೆ. ಬಿಡಿಬಿಡಿ ಕೊಂಡಿಗಳ ಟ್ರ್ಯಾಕು ಕೈಗೆ ಎಷ್ಟು ಬೇಸರ ತಂದರೂ ಅದೇ ಸರಿ. ಒಂದು ಬದಿಯ ಕೊಂಡಿಗಳನ್ನೆಲ್ಲ ಪಟ್ಟಿಯಲ್ಲಿಟ್ಟು ಸಿಮೆಂಟು ಹಚ್ಚಿ, ಅರ್ಧ ಒಣಗಿದಾಗ ಚಕ್ರಗಳ ಮೇಲೆ ಹೊದಿಸಿ, ಜೋಲು ಬೇಕಾದ ಕಡೆ ಹತ್ತಿಯುಂಡೆ ತುರುಕಿ ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ಹತ್ತಿ ತೆಗೆದಾಗ ಉಕ್ಕಿನ ಭಾರ ಅಲ್ಲಿ ಕೂತಿರುತ್ತದೆ. ಸ್ಟುವರ್ಟಿನಲ್ಲಿ ಹೊರುವ ಉರುಳೆಗಳಿರುವುದರಿಂದ ಇಷ್ಟು ಜೋಲು ಇಲ್ಲ. ಅದರ ಹಲವು ಟ್ರ್ಯಾಕುಗಳು ರಬ್ಬರಿನ ಇಟ್ಟಿಗೆ ಜೋಡಿಸಿದಂಥವು. ಅವಕ್ಕೆ ಉಕ್ಕಿನ ಹೊಳಪು ಬಳಿದರೆ ತಪ್ಪು.

ಬಣ್ಣದ ಕೆಲಸ ಪ್ರೈಮರಿನಿಂದ ಶುರುವಾಗುತ್ತದೆ. ಪ್ರೈಮರ್ ಹಚ್ಚಿದಾಗ ಕಣ್ಣಿಗೆ ಬೀಳದಿದ್ದ ಗೀರು, ಸಂದು ಎಲ್ಲ ಹೊರಬರುತ್ತವೆ. ಏರ್‌ಬ್ರಶ್ಶಿನಿಂದ ತೆಳುವಾಗಿ ಪದರ ಪದರವಾಗಿ ಹೊಡೆಯಬೇಕು. ದಪ್ಪ ಪದರ ಬೋಲ್ಟಿನ ತಲೆಗಳನ್ನು ನುಂಗಿಬಿಡುತ್ತದೆ. ಸೇನೆಯ ಹಸಿರನ್ನು ಡಬ್ಬಿಯಲ್ಲಿದ್ದಂತೆ ಹಚ್ಚಿದರೆ ಮಾದರಿ ಕಪ್ಪಾಗಿ ಕಾಣುತ್ತದೆ. ದೂರದ ವಸ್ತುವಿನ ಬಣ್ಣವನ್ನು ಗಾಳಿ ತಿಳಿಗೊಳಿಸುವುದರಿಂದ, ಸಣ್ಣ ಮಾದರಿಯ ಬಣ್ಣವನ್ನೂ ಸ್ವಲ್ಪ ತಿಳಿಗೊಳಿಸಬೇಕು. ನಂತರ ಹೊಳಪಿನ ವಾರ್ನಿಷ್, ಅದರ ಮೇಲೆ ನೀರಿನಲ್ಲಿ ನೆನೆಸಿ ಜಾರಿಸಿ ಕೂರಿಸುವ ಸಂಖ್ಯೆ ಮತ್ತು ಚಿಹ್ನೆಗಳು. ಇಂದಿನ ಭಾರತೀಯ ಸೇನಾವಾಹನದ ನೋಂದಣಿ ಸಂಖ್ಯೆ ಮೇಲ್ಮುಖ ಬಾಣದಿಂದ ಶುರುವಾಗಿ ವರ್ಷದ ಅಂಕಿಗಳೊಂದಿಗೆ ಮುಂದುವರಿಯುತ್ತದೆ. ಬಾಣ ತಲೆಕೆಳಗಾದರೆ ಸೈನಿಕರ ಮನೆಯವರ ಕಣ್ಣಿಗೆ ಮೊದಲು ಬೀಳುವುದೇ ಅದು.

ಕೊನೆಯ ಹಂತ ಹಳತಾಗಿಸುವುದು. ಟರ್ಪೆಂಟೈನಿನಲ್ಲಿ ತೆಳು ಮಾಡಿದ ಕಂದು ಎಣ್ಣೆಬಣ್ಣವನ್ನು ಸಂದುಗಳಿಗೆ ಹರಿಸಿದರೆ ನೆರಳು ಬರುತ್ತದೆ. ಒಣ ಕುಂಚದಲ್ಲಿ ತಿಳಿಬಣ್ಣ ಸವರಿದರೆ ಅಂಚುಗಳು ಏಳುತ್ತವೆ. 1970-80ರ ದಶಕಗಳಲ್ಲಿ ಬೆಲ್ಜಿಯಮ್ಮಿನ ಫ್ರಾನ್ಸ್ವಾ ವರ್ಲಿಂಡನ್ ಈ ಎರಡು ತಂತ್ರಗಳನ್ನು ಜನಪ್ರಿಯ ಮಾಡಿದರು. ಅಮೆರಿಕದ ಶೆಪ್ ಪೇನ್ ಮಾದರಿಯನ್ನು ನೆಲ, ಮನುಷ್ಯ, ಕಥೆ ಸೇರಿದ ದೃಶ್ಯವಾಗಿ ಮಾಡುವುದನ್ನು ಕಲಿಸಿದರು. ಈಗ ತುಕ್ಕು, ಸಿಪ್ಪೆಯೆದ್ದ ಬಣ್ಣ, ಎಣ್ಣೆಯ ಸೋರಿಕೆ ಒಂದೊಂದಕ್ಕೂ ಬೇರೆ ಬೇರೆ ಬಾಟಲಿಗಳಿವೆ. ಅವೆಲ್ಲ ಕೈಗೆ ಸಿಕ್ಕಿದ್ದರಿಂದಲೇ ಬಹಳ ಮಾದರಿಗಳು ಕೆಟ್ಟಿವೆ. ಚಾಲನೆಯಲ್ಲಿರುವ ಟ್ಯಾಂಕನ್ನು ಅದರ ಸೈನಿಕರು ದಿನವೂ ಒರೆಸಿ ಎಣ್ಣೆ ಹಾಕಿ ನೋಡಿಕೊಳ್ಳುತ್ತಾರೆ, ಅದು ಗುಜರಿ ಅಂಗಡಿಯ ಲಾರಿಯಂತೆ ತುಕ್ಕು ಹಿಡಿದಿರುವುದಿಲ್ಲ.

ಕರಾವಳಿಯ ಮಳೆ, ಮಣ್ಣು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮನೆಗಳಲ್ಲಿ ಈ ಕೆಲಸ ಮಾಡುವವರಿಗೆ ಕಿಟ್ಟಿನ ಕೈಪಿಡಿ ಹೇಳದ ತೊಂದರೆ ಒಂದಿದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಈ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಲ್ಯಾಕರ್ ಬಣ್ಣದ ಥಿನ್ನರ್ ಆರುವಾಗ ಮೇಲ್ಮೈಯನ್ನು ತಂಪು ಮಾಡುತ್ತದೆ. ಆ ತಂಪಿಗೆ ಗಾಳಿಯ ತೇವ ಬಂದು ಕೂತು ಬಣ್ಣದೊಳಗೆ ಸಿಕ್ಕಿಕೊಂಡು, ಬೆಳಿಗ್ಗೆ ನೋಡಿದರೆ ಟ್ಯಾಂಕಿನ ಮೇಲೆ ಬಿಳಿ ಮಬ್ಬು. ವಾರ್ನಿಷ್ ಹಚ್ಚುವಾಗ ಹೀಗಾದರೆ ತಿಂಗಳುಗಳ ಕೆಲಸ ಮಸುಕಾಗುತ್ತದೆ. ಕಂಪ್ರೆಸರಿನ ಕೊಳವೆಯೊಳಗೂ ನೀರು ಕಟ್ಟಿ, ಬಣ್ಣದ ನಡುವೆ ಹನಿಯಾಗಿ ಚಿಮ್ಮುತ್ತದೆ. ನೀರು ಹಿಡಿಯುವ ಬಟ್ಟಲು ಇಲ್ಲದ ಕಂಪ್ರೆಸರ್ ಇಲ್ಲಿ ಉಪಯೋಗವಿಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ ಕತ್ತರಿಸುವುದು, ಉಜ್ಜುವುದು, ಟ್ರ್ಯಾಕಿನ ಕೊಂಡಿ ಜೋಡಿಸುವುದು ಮಾಡಿ, ಬಣ್ಣವನ್ನು ದೀಪಾವಳಿ ಕಳೆದ ಮೇಲೆ ಹಿಡಿಯುವುದು ಈ ಊರಿಗೆ ಒಪ್ಪುವ ಕ್ರಮ. ಚಿಹ್ನೆಯ ಹಾಳೆಗಳನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಿದ ಡಬ್ಬಿಯಲ್ಲಿಡದಿದ್ದರೆ ಬೂಷ್ಟು ಹಿಡಿಯುತ್ತದೆ.

ಹೊತ್ತಿಕೊಳ್ಳುವ ದ್ರವಗಳನ್ನು ವಿಮಾನದ ಅಂಚೆಯಲ್ಲಿ ಕಳಿಸುವಂತಿಲ್ಲವಾದ್ದರಿಂದ ಪರದೇಶದ ಬಣ್ಣ, ಥಿನ್ನರ್ ತರಿಸುವುದು ಕಷ್ಟ. ಆದರೆ ಅಕ್ರಿಲಿಕ್ ಬಣ್ಣ ತೆಳು ಮಾಡಲು ಐಸೊಪ್ರೊಪೈಲ್ ಆಲ್ಕೊಹಾಲ್ ಔಷಧದಂಗಡಿಯಲ್ಲಿ, ಟರ್ಪೆಂಟೈನ್ ಪೇಂಟಿನ ಅಂಗಡಿಯಲ್ಲಿ, ಎಣ್ಣೆಬಣ್ಣದ ಟ್ಯೂಬು ಪುಸ್ತಕದಂಗಡಿಯಲ್ಲಿ ಸಿಗುತ್ತದೆ. ಕಿಟ್ಟಿಗೆ ದುಡ್ಡಿಲ್ಲದ ವಿದ್ಯಾರ್ಥಿಗೆ ದಪ್ಪ ಮದುವೆ ಕಾಗದ ಒಳ್ಳೆಯ ಸಾಮಗ್ರಿ. ಅದರ ಒಂದು ಮಿಲಿಮೀಟರ್ ದಪ್ಪ 35 ಮಿಲಿಮೀಟರ್ ಉಕ್ಕಿಗೆ ಸಮ. ಮೇಲೆ ತೆಳು ಸೂಪರ್ ಗ್ಲೂ ಕುಡಿಸಿದರೆ ಉಜ್ಜಲು ಬರುವಷ್ಟು ಗಟ್ಟಿಯಾಗುತ್ತದೆ. 1965ರಲ್ಲಿ ಚೆನ್ನೈ ಹತ್ತಿರದ ಆವಡಿಯಲ್ಲಿ ತಯಾರಿ ಆರಂಭವಾದ ವಿಜಯಂತ ಟ್ಯಾಂಕಿನ ಕಿಟ್ ಸುಲಭಕ್ಕೆ ಸಿಗದು. ಅದರ ಮೈ ಹೆಚ್ಚಾಗಿ ಚಪ್ಪಟೆ ಹಲಗೆಗಳನ್ನು ಬೆಸೆದದ್ದು, ಕಾಗದದಲ್ಲಿ ಕಟ್ಟಲು ಹೇಳಿ ಮಾಡಿಸಿದಂತಿದೆ.

ನೆಲದ ದೃಶ್ಯಕ್ಕೆ ಬೇಕಾದ್ದೆಲ್ಲ ಅಂಗಳದಲ್ಲೇ ಇದೆ. ಮಣ್ಣನ್ನು ಮೊದಲು ಜರಡಿಯಲ್ಲಿ, ಆಮೇಲೆ ಹಳೆಯ ಮಲ್ ಬಟ್ಟೆಯಲ್ಲಿ ಜಾಲಿಸಿ, ಕಾವಲಿಯಲ್ಲಿ ಹುರಿಯಬೇಕು. ಹುರಿಯದ ಮಣ್ಣಿನಲ್ಲಿ ಮಳೆಗಾಲಕ್ಕೆ ಹಸಿರು ಪಾಚಿ ಬರುತ್ತದೆ, ಕೆಲವೊಮ್ಮೆ ಹುಳವೂ. ನೀರು ಬೆರೆಸಿದ ಫೆವಿಕಾಲಿಗೆ ಪಾತ್ರೆ ತೊಳೆಯುವ ಸಾಬೂನಿನ ಒಂದು ಹನಿ ಹಾಕಿದರೆ ಅಂಟು ಮಣ್ಣಿನ ಮೇಲೆ ಗೋಲಿಯಾಗಿ ಉರುಳದೆ ಒಳಗೆ ಇಳಿಯುತ್ತದೆ. ಒಣಹುಲ್ಲಿಗೆ ಅಡಿಕೆ ಸಿಪ್ಪೆಯ ನಾರು, ಎಲೆಯುದುರಿದ ಪೊದೆಗೆ ಲಾವಂಚದ ಬೇರು. ಇವುಗಳಿಗಿಂತ ಚೆನ್ನಾದದ್ದು ಯಾವ ಪೊಟ್ಟಣದಲ್ಲೂ ಬರುವುದಿಲ್ಲ.

ಬಣ್ಣದ ವಿಷಯದಲ್ಲಿ ಮಾತ್ರ ನಮ್ಮ ಮಣ್ಣು ಮೋಸ ಮಾಡುತ್ತದೆ. ಮುರಕಲ್ಲಿನ ಈ ಕೆಂಪು ಕಣ್ಣಿಗೆ ಎಷ್ಟು ಒಗ್ಗಿದೆಯೆಂದರೆ ಕೈ ತನ್ನಷ್ಟಕ್ಕೆ ಟ್ಯಾಂಕಿನ ಚಕ್ರಕ್ಕೆ ಕೆಂಪು ಧೂಳು ಹಚ್ಚುತ್ತದೆ. ಜೋಜಿಲಾದ ನೆಲ ಬೂದು ಕಲ್ಲಿನದು. 1965ರ ಸೆಪ್ಟೆಂಬರಿನಲ್ಲಿ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ಕೆಸರಿನಲ್ಲಿ ಹೂತ ಅಸಲ್ ಉತ್ತರದ ಗದ್ದೆ ಪಂಜಾಬಿನ ಕಂದು ಮೆಕ್ಕಲು ಮಣ್ಣು. ಕೆಂಪು ಮಣ್ಣನ್ನು ಹುರಿದು ಜಾಲಿಸಿದ ಮೇಲೆ ಬೂದು ಬಣ್ಣ ಕುಡಿಸಿಯೇ ಬಳಸಬೇಕು. ಹಿಮಕ್ಕೆ ಅಡುಗೆ ಸೋಡಾ ಬೇಡ, ವರ್ಷದೊಳಗೆ ಹಳದಿಯಾಗುತ್ತದೆ. ಉಪ್ಪಂತೂ ಕರಾವಳಿಯ ಗಾಳಿಗೆ ನೀರೊಡೆಯುತ್ತದೆ. ಗಾಜಿನ ಅತಿ ಸೂಕ್ಷ್ಮ ಪುಡಿಯನ್ನು ಬಿಳಿ ಬಣ್ಣ, ಅಂಟಿನೊಂದಿಗೆ ಕಲಸಿ ಹಚ್ಚುವುದೇ ಬಾಳುವ ದಾರಿ. ಹಚ್ಚುವಾಗ ಮೂಗಿಗೆ ಮಾಸ್ಕ್ ಇರಲೇಬೇಕು.

ನಿಜವಾಹನವನ್ನು ನೋಡುವುದು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಿಂದ ಒಂದೇ ದಿನದಲ್ಲಿ ಹೋಗಿಬರುವ ದೂರದಲ್ಲಿ ಮಡಿಕೇರಿ ಇದೆ. ಬಂಟ್ವಾಳದಿಂದ ಮಾಣಿ, ಪುತ್ತೂರು, ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತಿದರೆ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’. 2021ರ ಫೆಬ್ರುವರಿ 6ರಂದು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅದನ್ನು ವಸ್ತುಸಂಗ್ರಹಾಲಯವಾಗಿ ಉದ್ಘಾಟಿಸಿದರು. ಅಂಗಳದಲ್ಲಿ ಟಿ-55 ಟ್ಯಾಂಕು ನಿಂತಿದೆ. ಮಾದರಿಕಾರ ಅಲ್ಲಿಗೆ ಕ್ಯಾಮೆರಾದ ಜೊತೆ ಒಂದು ಅಡಿಪಟ್ಟಿಯನ್ನೂ ಒಯ್ಯಬೇಕು. ಫೋಟೊದ ಒಂದು ಮೂಲೆಯಲ್ಲಿ ಅದು ಬಂದರೆ ಮನೆಗೆ ಬಂದ ಮೇಲೆ ಯಾವ ಭಾಗವನ್ನೂ ಅಳೆಯಬಹುದು. ಹೀಗೆ ಪ್ರದರ್ಶನಕ್ಕಿಟ್ಟ ವಾಹನಗಳಿಗೆ ಮೇಲಿಂದ ಮೇಲೆ ಬಣ್ಣ ಬಳಿಯುವುದರಿಂದ ಆಕಾರಕ್ಕೆ, ಅಳತೆಗೆ ಅವನ್ನು ನಂಬಬೇಕು, ಬಣ್ಣಕ್ಕೆ ಹಳೆಯ ಫೋಟೊ ನಂಬಬೇಕು. ಹೆಚ್ಚು ಬಗೆಗಳನ್ನು ನೋಡಬೇಕೆಂದರೆ ಮಹಾರಾಷ್ಟ್ರದ ಅಹಿಲ್ಯಾನಗರದಲ್ಲಿ (ಹಿಂದಿನ ಅಹ್ಮದ್‌ನಗರ) 1994ರಲ್ಲಿ ತೆರೆದ ಟ್ಯಾಂಕ್ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಹಳೆಯ ಲೋಹ, ರಬ್ಬರು, ಚರ್ಮ ಹೇಗೆ ಮುಪ್ಪಾಗುತ್ತವೆ ಎಂಬುದನ್ನು ಕಲಿಯಲು ಧರ್ಮಸ್ಥಳದ ಹಳೆಯ ಕಾರುಗಳ ಸಂಗ್ರಹವೂ ಒಳ್ಳೆಯ ಶಾಲೆ, ಅಲ್ಲಿ ಟ್ಯಾಂಕು ಇಲ್ಲದಿದ್ದರೂ.

ಮುಗಿದ ಮಾದರಿಯನ್ನು ಹಲಸಿನ ಅಥವಾ ತೇಗದ ಹಲಗೆಯ ಪೀಠಕ್ಕೆ ಕೂರಿಸಿ, ಗಾಜಿನ ಪೆಟ್ಟಿಗೆಯೊಳಗೆ ಇಡುತ್ತಾರೆ. ಪೆಟ್ಟಿಗೆಯ ತಳದಲ್ಲಿ ಸಿಲಿಕಾ ಜೆಲ್ ಬದಲಿಸಲು ಬರುವಂತೆ ಒಂದು ಕಂಡಿ ಬೇಕು. ಪೀಠದ ಮುಂದೆ ಫಲಕ. ಮದುವೆಯ ಉಡುಗೊರೆಗೆ ಹೆಸರು ಕೊರೆದುಕೊಡುವ ಪಾತ್ರೆ ಅಂಗಡಿಯಲ್ಲೇ ಹಿತ್ತಾಳೆ ತಗಡಿನ ಮೇಲೆ ಅದನ್ನು ಕೊರೆಸಬಹುದು. ಅಕ್ಷರಗಳನ್ನು ಬರೆದುಕೊಡುವ ಮೊದಲು ಎರಡು ಸಲ ಓದಿ ನೋಡಬೇಕು: ಸ್ಟುವರ್ಟ್, 7ನೇ ಲೈಟ್ ಕ್ಯಾವಲ್ರಿ, ಜೋಜಿಲಾ, 1-11-1948.